ಜೊಂಡು ನೆನೆಹಾಕಿದ ಮನೆ

ಅರಬ್ ನಾಡಿನ ಅಲ್ ಕುಸೈಸಿನಲ್ಲಿದ್ದ ನಮ್ಮ ಫ್ಲ್ಯಾಟಿನ ಬಾತ್‌ಟಬ್ಬಿನಲ್ಲಿ ಯಾರೂ ಸ್ನಾನ ಮಾಡುತ್ತಿರಲಿಲ್ಲ. ಅದರಲ್ಲಿ ಹುಲ್ಲು ಮಲಗಿರುತ್ತಿತ್ತು. ಆಳೆತ್ತರದ ಜೊಂಡುಹುಲ್ಲು; ಇಂಗ್ಲೆಂಡಿನ ಯಾವುದೋ ನದಿಯ ಅಂಚಿನಲ್ಲಿ ಕೊಯ್ದು, ಒಣಗಿಸಿ, ಕಟ್ಟು ಕಟ್ಟಿ ಹಡಗಿನಲ್ಲಿ ಕಳಿಸಿದ್ದು. ಅಮ್ಮ ಅದನ್ನು ನೀರಿನಲ್ಲಿ ಅದ್ದಿ, ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ, ಮೆತ್ತಗಾಗುವವರೆಗೆ ಟಬ್ಬಿನಲ್ಲೇ ಬಿಡುತ್ತಿದ್ದಳು. ನಾವು ಟಬ್ಬಿನ ಪಕ್ಕದ ಇಷ್ಟೇ ಜಾಗದಲ್ಲಿ ಬಕೆಟ್ ಇಟ್ಟುಕೊಂಡು ನಿಂತೇ ಮೈಗೆ ನೀರು ಸುರಿದುಕೊಳ್ಳಬೇಕಿತ್ತು. ನಮ್ಮ ಫ್ಲ್ಯಾಟಿನ ಇನ್ನೊಂದು ಕೋಣೆಯಲ್ಲಿ ಬಾಡಿಗೆಗಿದ್ದ ಬೆನ್ನಿ ಆಂಟಿ ಆಸ್ಪತ್ರೆಯಲ್ಲಿ ನರ್ಸು. ಡ್ಯೂಟಿ ಮುಗಿಸಿ ಬಂದು ಬಾತ್‌ರೂಮಿನ ಬಾಗಿಲು ತೆಗೆದವರೇ, 'ವಾರಿಜಕ್ಕ, ನಿಮ್ಮ ಹೆಣ ಎದ್ದಿತಾ ಇಲ್ವಾ?' ಎಂದು ಕೂಗುತ್ತಿದ್ದರು. ಬಿಳಿ ಬಟ್ಟೆಯಲ್ಲಿ ಸುತ್ತಿ ಮಲಗಿಸಿದ ಆ ಉದ್ದನೆಯ ಕಟ್ಟು ನೋಡಲಿಕ್ಕೆ ಹಾಗೆಯೇ ಇತ್ತು. ಎಲ್ಲರೂ ನಗುತ್ತಿದ್ದೆವು. ಮನೆಯ ಪರದೆಗಳಿಗೆ, ತಲೆದಿಂಬಿಗೆ, ನನ್ನ ಸ್ಕೂಲ್ ಯೂನಿಫಾರ್ಮಿಗೆ ಕೆರೆಯ ನೀರಿನ ವಾಸನೆ ಹಿಡಿದಿತ್ತು. ಊದ್ ಮೇಥಾಕ್ಕೆ ಹೋಗುವ ಸ್ಕೂಲ್ ಬಸ್ಸಿನಲ್ಲಿ ಹುಡುಗಿಯರು ಮೂಗು ಮುಚ್ಚಿಕೊಂಡು 'ಫಿಶ್ ಮಾರ್ಕೆಟ್' ಎನ್ನುತ್ತಿದ್ದರು. ಅದು ಮೀನಿನದಲ್ಲ, ಹುಲ್ಲಿನದು ಎಂದು ಹೇಳಿ ಉಪಯೋಗವಿರಲಿಲ್ಲ. ಮನೆಯಲ್ಲಿ ಮೀನೂ ಇರುತ್ತಿತ್ತು.

ಇದೆಲ್ಲ ಶುರುವಾದದ್ದು ಅಪ್ಪನ ಒಂದು ಸುಳ್ಳಿನಿಂದ. ಅಪ್ಪ ಜೆಬೆಲ್ ಅಲಿ ಬಂದರಿನ ಒಂದು ಕಾರ್ಗೋ ಕಂಪನಿಯ ಗೋಡೌನಿನಲ್ಲಿದ್ದ. ಬಂದಿಳಿದ ಕಂಟೇನರುಗಳನ್ನು ತೆರೆಸಿ, ಒಳಗಿನ ಸಾಮಾನು ಸರಿಯಾಗಿದೆಯೇ ಎಂದು ನೋಡುವುದು ಅವನ ಕೆಲಸ. ಒಂದು ಬೇಸಿಗೆಯಲ್ಲಿ ಮಿಸೆಸ್ ಆಲ್ಡ್ರಿಜ್ ಎಂಬ ಇಂಗ್ಲಿಷ್ ಹೆಂಗಸಿನ ಕಂಟೇನರು ಬಂತು. ಆಕೆ ಜುಮೇರಾದಲ್ಲಿ ಹಳೆಯ ಇಂಗ್ಲಿಷ್ ಹಳ್ಳಿ ಪೀಠೋಪಕರಣಗಳ ಅಂಗಡಿ ಇಟ್ಟಿದ್ದರು. ಕಂಟೇನರು ಎಂತದೋ ಕಾರಣಕ್ಕೆ ತಡವಾಗಿ ಯಾರ್ಡಿನ ಬಿಸಿಲಲ್ಲಿ ನಿಂತಿದ್ದರಿಂದ ಒಳಗಿದ್ದ ಕುರ್ಚಿಗಳ ಜೊಂಡಿನ ಆಸನಗಳೆಲ್ಲ ಹಪ್ಪಳದ ಹಾಗೆ ಒಣಗಿ, ಮುಟ್ಟಿದರೆ ಪುಡಿಯಾಗುತ್ತಿದ್ದವು. ಆಕೆ ಗೋಡೌನಿನ ನಡುವೆ ನಿಂತು ಅತ್ತರಂತೆ. ಅಳುವವರನ್ನು ನೋಡಲಾಗದ ಅಪ್ಪ, ನನ್ನ ಹೆಂಡತಿಗೆ ಹುಲ್ಲು ನೇಯುವ ಕೆಲಸ ಗೊತ್ತುಂಟು ಮೇಡಮ್, ನಮ್ಮ ಊರಲ್ಲಿ ಎಲ್ಲರೂ ಚಾಪೆ ನೇಯುತ್ತಾರೆ ಎಂದುಬಿಟ್ಟ. ಆ ಸಂಜೆ ಅಡಿಗೆಮನೆಯಲ್ಲಿ ನಡೆದ ಜಗಳ ನನಗೆ ಚೆನ್ನಾಗಿ ನೆನಪಿದೆ.

"ಮುಂಡಕದ ಓಲೆಯ ಚಾಪೆ ನೇಯ್ತಾ ಇದ್ದದ್ದು ನನ್ನ ಅಜ್ಜಿ. ನಾನು ಅದರ ಮೇಲೆ ಮಲಗಿದ್ದು ಮಾತ್ರ," ಎಂದಳು ಅಮ್ಮ.

"ಅಜ್ಜಿ ನೇಯುದು ನೋಡಿದ್ದೀಯಲ್ಲ? ಅಷ್ಟು ಸಾಕು. ಪಾಪ ಮಾರಾಯ್ತಿ, ಆ ಹೆಂಗಸು ಅಳ್ತಾ ಇತ್ತು."

"ಅಳುವವರಿಗೆಲ್ಲ ನನ್ನನ್ನು ಕೊಟ್ಟು ಬರ್ತೀರಾ ನೀವು?"

ಅಲ್ಲಿಂದ ಮುಂದೆ ಜಗಳ ತುಳುವಿಗೆ ಇಳಿಯಿತು. ನನ್ನೊಂದಿಗೆ ಇಬ್ಬರೂ ಮಂಗಳೂರಿನ ಕನ್ನಡವಾಡುತ್ತಿದ್ದರು; ಒಬ್ಬರನ್ನೊಬ್ಬರು ಬೈಯಲಿಕ್ಕೆ ಮತ್ತು ನಗಿಸಲಿಕ್ಕೆ ತುಳು. ಆ ದಿನ ಎರಡೂ ಆಯಿತು. ವಾರದೊಳಗೆ ಮಿಸೆಸ್ ಆಲ್ಡ್ರಿಜ್ ಒಂದು ಕಟ್ಟು ಹುಲ್ಲು ಮತ್ತು ಒಂದು ಕುರ್ಚಿಯೊಂದಿಗೆ ನಮ್ಮ ಹಾಲಿನಲ್ಲಿದ್ದರು. ಬಂದವರೇ ಚಪ್ಪಲಿ ಕಳಚಿ ನೆಲದ ಮೇಲೆ ಕಾಲು ಚಾಚಿ ಕೂತರು. ಅಮ್ಮನ ಕೈ ನೋಡುತ್ತಲೇ ಅಪ್ಪನ ಸುಳ್ಳು ಅವರಿಗೆ ಗೊತ್ತಾಗಿರಬೇಕು. ಹುಲ್ಲು ಕೈಗೆತ್ತಿಕೊಂಡು ಮೊದಲಿನಿಂದ ಕಲಿಸಿದರು. ಅವರು ಹುಟ್ಟಿದ್ದು ಲ್ಯಾಂಕಾಶೈರಿನಲ್ಲಿ. ಇಂಥ ಕುರ್ಚಿಗಳು ಹುಟ್ಟಿದ ಸೀಮೆ ಅದು. ಅವರ ಅಜ್ಜಿಯ ಮನೆಯ ಊಟದ ಮೇಜಿನ ಸುತ್ತ ಇದೇ ಕುರ್ಚಿಗಳಿದ್ದವಂತೆ. ಅಮ್ಮನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ನಾನು ಇಬ್ಬರ ನಡುವೆ ಕೂತು ಅತ್ತಿಂದಿತ್ತ ಮಾತು ದಾಟಿಸುತ್ತಿದ್ದೆ. ಆದರೆ ನನಗಿಂತ ಅವರ ಕೈಗಳೇ ಬೇಗ ಮಾತಾಡಿಕೊಂಡವು.

ನೇಯ್ಗೆ ಹೀಗೆ. ಒದ್ದೆ ಜೊಂಡನ್ನು ಬೆರಳುಗಳ ನಡುವೆ ಹಿಂಡಿಕೊಂಡು ಎಳೆದರೆ ಒಳಗಿನ ಗಾಳಿ ಪಟಪಟ ಒಡೆದು ನೀರು ಹೊರಬರುತ್ತದೆ. ಎರಡೋ ಮೂರೋ ಎಳೆ ಸೇರಿಸಿ ಹುರಿಹಾಕುತ್ತ, ಆಸನದ ಮುಂದಿನ ಪಟ್ಟಿಯ ಮೇಲಿಂದ ತಂದು, ಕೆಳಗಿನಿಂದ ಎತ್ತಿ, ಪಕ್ಕದ ಪಟ್ಟಿಗೆ ಸುತ್ತಿ, ಎದುರು ಮೂಲೆಗೆ ಒಯ್ಯಬೇಕು. ಕಾಣುವ ಕಡೆ ಮಾತ್ರ ಹುರಿ, ಗಂಟುಗಳೆಲ್ಲ ಕೆಳಗೆ. ನಾಲ್ಕು ಮೂಲೆಗಳಿಂದ ಬೆಳೆಯುತ್ತ ಬಂದ ನಾಲ್ಕು ತ್ರಿಕೋನಗಳು ಕೊನೆಗೆ ಮಧ್ಯದಲ್ಲಿ ಸೇರಿದಾಗ ಆಸನ ಮುಗಿಯಿತು. ನಡುನಡುವೆ ತುಂಡು ಹುಲ್ಲನ್ನು ಮರದ ಕೋಲಿನಿಂದ ಒಳಗೆ ಒತ್ತಿ ತುಂಬಬೇಕು, ಇಲ್ಲವಾದರೆ ಕೂತಾಗ ಕುಸಿಯುತ್ತದೆ. ಎಸಿ ಹಾಕಿದರೆ ಹುಲ್ಲು ಬೇಗ ಒಣಗಿ ಬಿರುಕು ಬಿಡುತ್ತದೆಂದು ಅಮ್ಮ ಹಾಲಿನ ಎಸಿ ಆರಿಸಿಬಿಡುತ್ತಿದ್ದಳು. ಫ್ಯಾನನ್ನೂ ಗೋಡೆಗೆ ಮುಖ ಮಾಡಿಸಿ ಇಡುತ್ತಿದ್ದಳು. ಜುಲೈ ತಿಂಗಳಲ್ಲಿ ಅಪ್ಪ ಬನಿಯನಿನಲ್ಲಿ ಬೆವರು ಸುರಿಸುತ್ತ ಕೂತು, "ಈ ಮನೆಯಲ್ಲಿ ನನಗಿಂತ ಹುಲ್ಲಿಗೆ ಮರ್ಯಾದೆ ಹೆಚ್ಚು" ಎನ್ನುತ್ತಿದ್ದ. "ಅದನ್ನು ಮನೆಗೆ ತಂದದ್ದು ಯಾರು?" ಎಂದು ಅಮ್ಮ ತಲೆಯೆತ್ತದೆ ಕೇಳುತ್ತಿದ್ದಳು.

ಅಂಗಡಿಯ ಪಿಕಪ್ಪಿನಲ್ಲಿ ಕುರ್ಚಿಗಳು ಬರುವುದು, ಹೋಗುವುದು ನಡೆದೇ ಇತ್ತು. ಪ್ರತಿ ಹೊಸ ಕುರ್ಚಿ ಬಂದಾಗಲೂ ಅಮ್ಮನದ್ದು ಒಂದೇ ಪ್ರಶ್ನೆ: "ಇದು ಯಾವ ಊರಿಂದು ಕೇಳು." ಊದ್ ಮೇಥಾದಲ್ಲಿ ನಮ್ಮವರ ಕಾರ್ಯಕ್ರಮಗಳಿಗೆ ಹೋದಾಗ ಗುರುತಿಲ್ಲದವರನ್ನು 'ಊರಲ್ಲಿ ಎಲ್ಲಿ ಆಯ್ತು?' ಎಂದು ಕೇಳುವ ಅದೇ ದನಿ. ಮಿಸೆಸ್ ಆಲ್ಡ್ರಿಜ್ ಕುರ್ಚಿಯನ್ನು ತಲೆಕೆಳಗು ಮಾಡಿ, ಕಾಲುಗಳನ್ನು ಸವರಿ ಹೇಳುತ್ತಿದ್ದರು. ಬೆನ್ನಿಗೆ ಏಣಿಯ ಹಾಗೆ ಅಡ್ಡ ಪಟ್ಟಿಗಳಿದ್ದು, ಜೊಂಡಿನ ಆಸನವಿದ್ದರೆ ಉತ್ತರದ್ದು. ಆ ಪಟ್ಟಿಗಳ ಬಾಗು ನೋಡಿ ಯಾವ ಕಣಿವೆಯದೆಂದು ಹೇಳುವವರೂ ಇದ್ದಾರಂತೆ. ಲೇತಿನಲ್ಲಿ ಕಡೆದ ಕಡ್ಡಿಗಳನ್ನು ಸಾಲಾಗಿ ನಿಲ್ಲಿಸಿದ ಬೆನ್ನೂ ಅಲ್ಲಿಯದೇ. ದಕ್ಷಿಣದ ಕಡೆ ಜೊಂಡು ಕಡಿಮೆ. ಎಲ್ಮ್ ಎಂಬ ಮರದ ದಪ್ಪ ಹಲಗೆಯನ್ನು ತಗ್ಗಾಗಿ ಕೆತ್ತಿ ಆಸನ ಮಾಡಿ, ಅದಕ್ಕೆ ತೂತು ಕೊರೆದು ಕಾಲು ಕೂರಿಸುತ್ತಾರೆ. ಅಲ್ಲಿ ಕಾಲು ಕಡೆಯುವವರು ಕಾಡಿನೊಳಗೇ ಗುಡಿಸಲು ಹಾಕಿಕೊಂಡು, ಬಾಗಿದ ಒಂದು ಎಳೆಮರಕ್ಕೆ ಹಗ್ಗ ಕಟ್ಟಿ, ಕಾಲಿನಿಂದ ತುಳಿದು ಲೇತ್ ತಿರುಗಿಸುತ್ತಿದ್ದರು. ಅವರು ಕಡೆದ ಕಾಲು ಯಾವ ಕುರ್ಚಿಗೆ ಸೇರಿತು ಎಂದು ಅವರಿಗೇ ಗೊತ್ತಾಗುತ್ತಿರಲಿಲ್ಲ. ಸಫೊಕ್ ಎಂಬ ಕಡೆಯವರು ಬೆನ್ನಿನ ಪಟ್ಟಿಗಳ ನಡುವೆ ಸಣ್ಣ ಸಣ್ಣ ಮರದ ಗುಂಡುಗಳನ್ನು ಕೂರಿಸುತ್ತಿದ್ದರು, ಯಾಕೆಂದು ಯಾರಿಗೂ ಗೊತ್ತಿಲ್ಲ. ಇದನ್ನೆಲ್ಲ ನಾನು ಕನ್ನಡದಲ್ಲಿ ಹೇಳಿದಾಗ ಅಮ್ಮ ಹೌದಾ ಹೌದಾ ಎಂದು ಕೇಳುತ್ತಿದ್ದಳು. ಒಮ್ಮೊಮ್ಮೆ ಮಿಸೆಸ್ ಆಲ್ಡ್ರಿಜ್ ಕುರ್ಚಿಯನ್ನು ಅತ್ತಿತ್ತ ತಿರುಗಿಸಿ ತಲೆಯಲ್ಲಾಡಿಸುತ್ತಿದ್ದರು. ಗೊತ್ತಿಲ್ಲ. ಆಗ ಅಮ್ಮನಿಗೆ ಆ ಕುರ್ಚಿಯ ಮೇಲೆ ಸ್ವಲ್ಪ ಹೆಚ್ಚು ಪ್ರೀತಿ.

ಹಾಲಿನ ತುಂಬ ಕುರ್ಚಿಗಳು, ಆದರೆ ನಾವು ಕೂರುತ್ತಿದ್ದುದು ನೆಲದ ಮೇಲೆ. ಅವು ಬೇರೆಯವರವು, ಕೂರಬಾರದು ಎಂಬುದು ಅಮ್ಮನ ಕಟ್ಟಪ್ಪಣೆ. ಪೇಪರು ಹಾಸಿ, ನಡುವೆ ಕುಚ್ಚಲಕ್ಕಿ ಅನ್ನದ ಪಾತ್ರೆ, ಬಂಗುಡೆ ಸಾರಿನ ಬೋಗುಣಿ ಇಟ್ಟುಕೊಂಡು ಊಟ ಮಾಡುತ್ತಿದ್ದೆವು. ಶುಕ್ರವಾರಗಳಲ್ಲಿ ಬೆನ್ನಿ ಆಂಟಿಯೂ ತಟ್ಟೆ ಹಿಡಿದು ಬಂದು ಸೇರುತ್ತಿದ್ದರು. ಸುತ್ತ ಗೋಡೆಗೆ ಒರಗಿ ಖಾಲಿ ಕುರ್ಚಿಗಳು ನಿಂತಿರುತ್ತಿದ್ದವು.

ನಾನು ಐದನೇ ಕ್ಲಾಸಿನಲ್ಲಿದ್ದಾಗ, ಒಂದು ಮಧ್ಯಾಹ್ನ, ಸ್ಕೂಲ್ ಬಸ್ಸು ಇಳಿಯುವ ಜಾಗದಲ್ಲಿ ಅಮ್ಮನ ಬದಲು ಬೆನ್ನಿ ಆಂಟಿ ನಿಂತಿದ್ದರು. ಯೂನಿಫಾರ್ಮಿನಲ್ಲೇ ಇದ್ದರು. ನನ್ನ ಬ್ಯಾಗು ತಾವೇ ತೆಗೆದುಕೊಂಡರು. ಲಿಫ್ಟಿನಲ್ಲಿ, "ನಿನ್ನ ಪಪ್ಪನಿಗೆ ಹುಷಾರಿಲ್ಲ ಪುಟ್ಟಾ" ಎಂದವರು, ನಮ್ಮ ಮಹಡಿ ಬಂದು ಬಾಗಿಲು ತೆರೆದಾಗ ನನ್ನ ಭುಜ ಒತ್ತಿ ಹಿಡಿದು, "ಪಪ್ಪ ದೇವರ ಹತ್ತಿರ ಹೋದರು" ಎಂದರು. ನಾನು ಹೂಂ ಎಂದೆ. ಊಟವಾದ ಮೇಲೆ ಎದೆ ಹಿಡಿದ ಹಾಗಾಗುತ್ತದೆ ಎಂದು ಅಪ್ಪ ಗೋಡೌನಿನಲ್ಲಿ ಒಂದು ಪೆಟ್ಟಿಗೆಯ ಮೇಲೆ ಕೂತನಂತೆ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಅಮ್ಮ ಹೋಗಿ ನೋಡಿ ಬಂದಿದ್ದಳು. ನನ್ನನ್ನು ಆಮೇಲೆ ಕರೆದುಕೊಂಡು ಹೋದರು.

ಹಾಲಿನಲ್ಲಿ ಎಲ್ಲ ಕುರ್ಚಿಗಳ ಮೇಲೆ ಜನ ಕೂತಿದ್ದರು. ಅಪ್ಪನ ಕಂಪನಿಯವರು, ಕೆಳಗಿನ ಫ್ಲ್ಯಾಟಿನ ಮಲಯಾಳಿ ಗಂಡಹೆಂಡತಿ, ನಾನು ಎಂದೂ ನೋಡಿರದ ಗಂಡಸರು. ನನಗೆ ಮೊದಲು ಕಾಣಿಸಿದ್ದು ಅದೇ: ಕುರ್ಚಿಗಳಲ್ಲಿ ಜನ. ಅಮ್ಮ ಈಗ ಬೈಯುತ್ತಾಳೆ ಎಂದುಕೊಂಡೆ. ಅವಳು ನೆಲದ ಮೇಲೆ, ಅಡಿಗೆಮನೆಯ ಬಾಗಿಲ ಬಳಿ ಕೂತಿದ್ದಳು. ಮುಂಗೈಗೆ ಒಣಗಿದ ಜೊಂಡಿನ ಒಂದು ಚೂರು ಅಂಟಿಕೊಂಡಿತ್ತು. ಸುದ್ದಿ ಬಂದಾಗ ಕೆಲಸದಲ್ಲಿದ್ದಳು. ಯಾರೋ ಎಸಿ ಹಾಕಿದ್ದರು. ಹೆಂಗಸರು ಅವಳನ್ನು ಅಳು, ಅಳು ಎನ್ನುತ್ತಿದ್ದರು. ಅವಳು ಅವರ ಮುಖ ನೋಡುತ್ತಿದ್ದಳು ಅಷ್ಟೆ. ಆಗ ತಡವಾಗಿ ಬಂದ ಒಬ್ಬ ದಪ್ಪನೆಯ ಗಂಡಸು ಜಾಗ ಕಾಣದೆ, ಮೂಲೆಯಲ್ಲಿ ಅರ್ಧ ನೇಯ್ದು ಬಿಟ್ಟಿದ್ದ ಕುರ್ಚಿಯತ್ತ ಹೋಗಿ ಕೂರಲಿಕ್ಕೆ ಬಾಗಿದ.

"ಅದರಲ್ಲಿ ಕೂರ್ಬೇಡಿ," ಎಂದಳು ಅಮ್ಮ. "ಅದು ಆಗ್ಲಿಲ್ಲ."

ಆ ದಿನ ಅವಳು ಆಡಿದ್ದು ಅಷ್ಟೇ. ಅವನು ಗೋಡೆಗೆ ಒರಗಿ ನಿಂತ. ನಾನು ಯೂನಿಫಾರ್ಮು ಬದಲಿಸಲಿಕ್ಕೆ ಒಳಗೆ ಹೋದೆ, ಬದಲಿಸಿದೆ, ಶೂಗಳನ್ನು ಜೋಡಿಸಿಟ್ಟೆ. ಮರುದಿನದ ಟೈಮ್‌ಟೇಬಲ್ ನೋಡಿ ಬ್ಯಾಗಿನಲ್ಲಿ ಪುಸ್ತಕ ತುಂಬಿದೆ. ನನ್ನ ಒಳಗೆ ಏನೂ ಆಗುತ್ತಿರಲಿಲ್ಲ. ಹಲ್ಲು ಕೀಳುವ ಮುಂಚೆ ಡಾಕ್ಟರು ಇಂಜೆಕ್ಷನ್ ಕೊಟ್ಟಾಗ ಕೆನ್ನೆ ದಪ್ಪವಾಗಿ, ನಮ್ಮದಲ್ಲದ ಹಾಗೆ ಆಗುತ್ತದಲ್ಲ, ಮೈಯೆಲ್ಲ ಹಾಗಿತ್ತು.

ಅಬುಧಾಬಿಯಿಂದ ವಿಠಲ ಮಾವ ಬಂದರು. ಅಮ್ಮನ ಅಣ್ಣ, ಅಲ್ಲಿ ಒಂದು ಆಫೀಸಿನಲ್ಲಿದ್ದವರು, ಯಾವ ಕಾಗದಕ್ಕೆ ಎಲ್ಲಿ ಸೀಲು ಹಾಕಿಸಬೇಕೆಂದು ತಿಳಿದವರು. ಅಪ್ಪನ ದೇಹವನ್ನು ಊರಿಗೆ ಕಳಿಸುವ ಎಲ್ಲ ಓಡಾಟ ಅವರದ್ದೇ. ಕೊನೆಗೆ ನಮ್ಮ ಮೂವರ ಟಿಕೆಟಿನ ಮಾತು ತೆಗೆದರು. ಅಮ್ಮ ಬರುವುದಿಲ್ಲ ಎಂದಳು.

"ಬರುದಿಲ್ಲ ಅಂದ್ರೆ ಎಂತ ಅರ್ಥ?" ಮಾವನಿಗೆ ಮೊದಲು ಸಿಟ್ಟು ಬರಲಿಲ್ಲ, ಕೇಳಿದ್ದು ಸರಿಯೇ ಎಂಬ ಅನುಮಾನ ಬಂತು.

"ಅವರ ವೀಸಾದಲ್ಲಿ ನಾವಿಬ್ರು ಇರುದಲ್ವಾ ಅಣ್ಣ. ಒಮ್ಮೆ ಹೋದ್ರೆ ಮತ್ತೆ ಬರ್ಲಿಕ್ಕೆ ಬಿಡುದಿಲ್ಲ."

"ಮತ್ತೆ ಬಂದು ಎಂತ ಮಾಡ್ಲಿಕ್ಕುಂಟು ನಿಂಗೆ ಇಲ್ಲಿ? ಗಂಡನನ್ನು ಒಬ್ಬನೇ ಕಾರ್ಗೋದಲ್ಲಿ ಕಳಿಸ್ತೀಯಾ? ಅವನ ಅಮ್ಮ ಕೇಳಿದ್ರೆ ನಾನು ಎಂತ ಹೇಳುದು?"

"ಕುರ್ಚಿ ಉಂಟು, ಕೊಡ್ಲಿಕ್ಕೆ ಉಂಟು ಅಂತ ಹೇಳಿ."

ಮಾವ ಬೆನ್ನಿ ಆಂಟಿಯ ಕಡೆ ತಿರುಗಿ, ಇವಳಿಗೆ ತಲೆ ಕೆಟ್ಟಿದೆಯಾ, ಮಾತ್ರೆ ಏನಾದರೂ ಕೊಟ್ಟಿದ್ದೀರಾ ಎಂದು ಕೇಳಿದರು. ಆಂಟಿ ಇಲ್ಲವೆಂದು ತಲೆಯಾಡಿಸಿದರು. ಮಾವ ಒಬ್ಬರೇ ಅಪ್ಪನೊಂದಿಗೆ ಹೋದರು. ಏರ್‌ಪೋರ್ಟಿಗೆ ನಾವು ಹೋಗಲಿಲ್ಲ. ಊರಿನಲ್ಲಿ ದೊಡ್ಡಪ್ಪನ ಮಗ ಬೆಂಕಿ ಕೊಟ್ಟ. ಬೊಜ್ಜಕ್ಕೆ, ಅಂದರೆ ಉತ್ತರಕ್ರಿಯೆಗೂ, ನಾವಿರಲಿಲ್ಲ. ವಿಮಾನ ಹೊರಟಿರಬಹುದಾದ ಹೊತ್ತಿನಲ್ಲಿ ಅಮ್ಮ ಎದ್ದು ಹಾಲಿನ ಎಸಿ ಆರಿಸಿದಳು. ಟಬ್ಬಿನಲ್ಲಿ ಅಷ್ಟು ದಿನ ಬಿದ್ದಿದ್ದ ಹುಲ್ಲು ಕಪ್ಪಾಗಿ ಲೋಳೆಯಾಗಿತ್ತು. ಅದನ್ನು ಕಸದ ಚೀಲಕ್ಕೆ ತುಂಬಿ, ಟಬ್ಬು ತಿಕ್ಕಿ, ಹೊಸ ಕಟ್ಟು ಬಿಚ್ಚಿ ನೆನೆಹಾಕಿದಳು.

ಅಬುಧಾಬಿಯ ಒಂದು ಮನೆಗೆಂದು ಏಣಿಬೆನ್ನಿನ ಕುರ್ಚಿಗಳ ಒಂದು ಸೆಟ್ಟು ಆಗಬೇಕಿತ್ತು. ಮುಂದಿನ ವಾರಗಳನ್ನು ನಾನು ಆ ಕುರ್ಚಿಗಳ ಮುಖಾಂತರವೇ ನೆನಪಿಟ್ಟಿದ್ದೇನೆ. ಸ್ಕೂಲಿನಿಂದ ಬರುವುದು, ಕೈ ತೊಳೆಯುವುದು, ಅಮ್ಮನ ಎದುರು ಕೂರುವುದು. ನಾನು ಜೊಂಡನ್ನು ಆರಿಸಿ, ಒರೆಸಿ, ದಪ್ಪ ತುದಿ ಸಣ್ಣ ತುದಿ ಹೊಂದಿಸಿ ಕೊಡುತ್ತಿದ್ದೆ. 'ಕೊಡು', 'ಹಿಡಿ', 'ಸಡಿಲ ಬಿಡ್ಬೇಡ' ಬಿಟ್ಟರೆ ಮಾತಿರಲಿಲ್ಲ. ಅಡಿಗೆ ಆಗುತ್ತಿತ್ತು, ರುಚಿ ಇರಲಿಲ್ಲ, ಅದು ಉಪ್ಪಿನ ತಪ್ಪೋ ನಾಲಗೆಯ ತಪ್ಪೋ ಗೊತ್ತಿಲ್ಲ. ಬೆನ್ನಿ ಆಂಟಿ ಮೀನು ಹುರಿದು ತಂದು ಮುಂದೆ ಕೂತು, "ಒಮ್ಮೆ ಅತ್ತುಬಿಡಿ ವಾರಿಜಕ್ಕ, ಹೀಗೆ ಇಟ್ಕೊಂಡ್ರೆ ಒಳ್ಳೆದಲ್ಲ" ಎಂದು ತಾವೇ ಅಳುತ್ತಿದ್ದರು. ಅಮ್ಮ ಅವರಿಗೆ ನೀರು ತಂದು ಕೊಡುತ್ತಿದ್ದಳು. ಜೊಂಡಿನ ಅಂಚಿಗೆ ಅಮ್ಮನ ಬೆರಳ ಸಂದುಗಳು ಸೀಳಿದ್ದವು. ನೋಯುತ್ತದಾ ಎಂದು ಕೇಳಿದೆ. ಅವಳು ಕೈಯನ್ನು ತಿರುಗಿಸಿ ನೋಡಿಕೊಂಡು, "ಇಲ್ಲ, ನಂಗೆ ಎಂತದೂ ಆಗುದಿಲ್ಲ" ಎಂದಳು. ನನಗೂ ಎಂತದೂ ಆಗುತ್ತಿರಲಿಲ್ಲ. ಇಬ್ಬರೂ ಒಂದೇ ತರಹ ಇದ್ದೇವೆ ಎಂಬುದೊಂದು ಸಮಾಧಾನದ ಹಾಗಿತ್ತು. ಇವತ್ತಿಗೂ ಯಾರಾದರೂ ತೀರಿಕೊಂಡ ಮನೆಗೆ ಹೋದರೆ ನಾನು ಮೊದಲು ಹುಡುಕುವುದು ಪಾತ್ರೆ ತೊಳೆಯಲಿಕ್ಕಿದೆಯೇ, ಚಾಪೆ ಮಡಚಲಿಕ್ಕಿದೆಯೇ ಎಂದು. ಅಳುವುದನ್ನು ಇತರರಿಗೆ ಬಿಟ್ಟಿದ್ದೇನೆ.

ಮಾವ ಊರಿನಿಂದ ತಲೆ ಬೋಳಿಸಿಕೊಂಡೇನೂ ಬರಲಿಲ್ಲ, ಆದರೆ ಹಾಗೆ ಕಾಣುತ್ತಿದ್ದರು. ಬಂದ ದಿನವೇ ಮಿಸೆಸ್ ಆಲ್ಡ್ರಿಜ್ ಕೂಡ ಬಂದಿದ್ದರು. ಅಂಗಡಿಯ ಪಾಲುದಾರರಾದ ಅರಬ್ ಹಿರಿಯರೊಬ್ಬರು ಅಮ್ಮನಿಗೆ ಅಂಗಡಿಯ ಹೆಸರಿನಲ್ಲಿ ವೀಸಾ ಕೊಡಲು ಒಪ್ಪಿದ್ದಾರೆ, ಮಗುವಿನದ್ದನ್ನೂ ಅವರೇ ಮಾತಾಡುತ್ತಾರೆ ಎಂದು ಹೇಳಿದರು. ನಾನು ಅದನ್ನು ಕನ್ನಡಕ್ಕೆ ದಾಟಿಸಿದೆ. ಮಾವನಿಗೆ ಇಂಗ್ಲಿಷ್ ನನಗಿಂತ ಚೆನ್ನಾಗಿ ಬರುತ್ತಿತ್ತು. ಆದರೂ ನಾನು ಮುಗಿಸುವವರೆಗೆ ಕಾದು, ಕನ್ನಡದಲ್ಲೇ ಉತ್ತರ ಕೊಟ್ಟರು.

"ಊರಲ್ಲಿ ಮನೆ ಉಂಟು, ಜನ ಉಂಟು. ಅತ್ತೆ ಇದ್ದಾರೆ. ಇಲ್ಲಿ ನಾಳೆ ನಿಂಗೆ ಜ್ವರ ಬಂದ್ರೆ ಗಂಜಿ ಬೇಯಿಸುವವರು ಯಾರು?"

"ಬೆನ್ನಿ ಇದ್ದಾಳೆ," ಎಂದಳು ಅಮ್ಮ.

"ನಾನು ಕೇಳಿದ್ದು ಅದಲ್ಲ."

"ನಂಗೆ ಗೊತ್ತುಂಟು ಅಣ್ಣ. ಅಲ್ಲಿ ಹೋದ್ರೆ ನಾನು ಸತ್ತವರ ಹೆಂಡತಿ. ಬೆಳಿಗ್ಗೆ ಎದ್ದರೆ ಅದೇ, ಮಲಗುವಾಗ ಅದೇ. ಇಲ್ಲಿ ನಂಗೆ ಒಂದು ಕೆಲಸ ಉಂಟು. ಅವರು ಸುಳ್ಳು ಹೇಳಿ ಕೊಡಿಸಿದ್ದು."

ಮಾವ ನನ್ನನ್ನು ಹತ್ತಿರ ಕರೆದು, ನಿನಗೆ ಊರಿಗೆ ಹೋಗಬೇಕಾ ಇಲ್ಲಿರಬೇಕಾ ಎಂದು ಕೇಳಿದರು. ನಾನು 'ಐ ಡೋಂಟ್ ನೋ' ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ಬೇಕು ಎನ್ನುವುದು ಮೈಯ ಯಾವ ಭಾಗದಿಂದ ಬರುತ್ತದೋ ಆ ಭಾಗ ನಿಂತುಹೋಗಿತ್ತು. ಮಾವ ಅಮ್ಮನ ಕಡೆ ತಿರುಗಿ, "ಖಲಾಸ್, ನಿನ್ನಿಷ್ಟ" ಎಂದು ಎದ್ದರು. ಬಾಗಿಲ ತನಕ ಹೋದವರು ವಾಪಸು ಬಂದು ಅಮ್ಮನ ಪಾಸ್‌ಪೋರ್ಟಿನ ಪ್ರತಿ ಕೇಳಿ ತೆಗೆದುಕೊಂಡರು. ವೀಸಾದ ಓಡಾಟದಲ್ಲಿ ಅರ್ಧ ಮಾಡಿದ್ದು ಅವರೇ. ಆ ಅಂಗಡಿಯಲ್ಲಿ ಅಮ್ಮ ನಾನು ಕಾಲೇಜು ಮುಗಿಸುವವರೆಗೂ ಕೆಲಸ ಮಾಡಿದಳು.

ಸೆಟ್ಟು ಮುಗಿದಾಗ ಕುರ್ಚಿಗಳ ಜೊತೆ ನಾವೂ ಪಿಕಪ್ಪಿನಲ್ಲಿ ಅಬುಧಾಬಿಗೆ ಹೋದೆವು. ಒಣಗಿದ ಜೊಂಡಿನ ಹಸಿರು ಹೋಗಿ ಜೇನಿನ ಬಣ್ಣ ಬಂದಿತ್ತು. ಮನೆಯೊಡತಿ ಅವನ್ನು ಗಾಜಿನ ಕಿಟಕಿಯ ಪಕ್ಕದ ಉದ್ದ ಮೇಜಿನ ಸುತ್ತ ಇಡಿಸಿ, ಬಹಳ ಚೆನ್ನಾಗಿವೆ ಎಂದರು. ಅಮ್ಮ ಒಂದೊಂದರ ಆಸನವನ್ನೂ ಅಂಗೈಯಿಂದ ಒತ್ತಿ ನೋಡಿ, ಅಂಗೈ ಸೀರೆಗೆ ಒರೆಸಿಕೊಂಡಳು. ವಾಪಸು ಬರುವಾಗ ಜೆಬೆಲ್ ಅಲಿಯ ಗೋಡೌನುಗಳ ಸಾಲು ಎಡಗಡೆ ಹಾದುಹೋಯಿತು. ಅವಳು ನೇರ ರಸ್ತೆಯನ್ನೇ ನೋಡುತ್ತಿದ್ದಳು. ಡ್ರೈವರು ರೇಡಿಯೋ ಸಣ್ಣ ಮಾಡಿದ.

ಮುಂದಿನ ಬೇಸಿಗೆ ರಜೆಯಲ್ಲಿ ಊರಿಗೆ ಹೋದೆವು. ಉಡುಪಿಯಿಂದ ಸ್ವಲ್ಪ ಈಚೆ, ಹೆದ್ದಾರಿಯ ಬದಿಯಲ್ಲೇ ಅಪ್ಪನ ಅಮ್ಮನ ಮನೆ. ಅಜ್ಜಿ ನಮ್ಮನ್ನು ಹೇಗೆ ಬರಮಾಡಿಕೊಳ್ಳುತ್ತಾರೋ ಎಂಬುದೇ ಬಸ್ಸಿನ ದಾರಿಯುದ್ದಕ್ಕೂ ನನ್ನ ತಲೆಯಲ್ಲಿತ್ತು. ದೊಡ್ಡಮ್ಮ ನೀರು ಕೊಟ್ಟು ಮುಖ ತಿರುಗಿಸಿದರು. ಬೊಜ್ಜಕ್ಕೂ ಬಾರದ ಸೊಸೆಯನ್ನು ನೋಡಲಿಕ್ಕೆ ಪಕ್ಕದ ಮನೆಯ ಹೆಂಗಸರಿಬ್ಬರು ಏನೋ ನೆಪ ಮಾಡಿಕೊಂಡು ಬಂದು ನಿಂತಿದ್ದರು. ಅಜ್ಜಿ ಜಗಲಿಯಲ್ಲಿ ಕೂತಿದ್ದರು. ಅಮ್ಮ ಕಾಲು ಮುಟ್ಟಲಿಕ್ಕೆ ಬಗ್ಗಿದಾಗ ಕಾಲು ಹಿಂದೆಳೆದುಕೊಳ್ಳಲೂ ಇಲ್ಲ, ತಲೆ ಮುಟ್ಟಲೂ ಇಲ್ಲ. ಎಲ್ಲರೂ ಕಾಯುತ್ತಿದ್ದರು. ಅಜ್ಜಿಗೆ ಬರುತ್ತಿದ್ದುದು ತುಳು ಮಾತ್ರ. ಅವರು ಕೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಆ ದಿನ ಬೆಳಿಗ್ಗೆ ಅವನು ಎಂತ ತಿಂದಿದ್ದ?"

ಅಷ್ಟು ತಿಂಗಳಲ್ಲಿ ಯಾರೂ ನಮ್ಮನ್ನು ಅದನ್ನು ಕೇಳಿರಲಿಲ್ಲ. ಅಮ್ಮ ನನ್ನ ಕಡೆ ನೋಡಿದಳು. ನಾನು ನನಗೆ ಬರುವಷ್ಟು ತುಳುವಿನಲ್ಲಿ ಹೇಳಿದೆ. ನೀರ್ದೋಸೆ, ಅಜ್ಜಿ. ಹಿಂದಿನ ದಿನದ ಸಾರು ಬೇಡ ಅಂದ, ಬೆಲ್ಲ ಕಾಯಿ ಹಾಕಿಸಿಕೊಂಡ.

"ಹೊಟ್ಟೆ ತುಂಬ ತಿಂದನಾ?"

"ತಿಂದರು ಅತ್ತೆ," ಎಂದಳು ಅಮ್ಮ. "ಕೊನೆಯದ್ದು ಹರಿದು ಹೋಯಿತು, ಇದು ನನಗೆ ಬೇಡ, ನೀನೇ ತಿನ್ನು ಅಂತ ನಗಾಡಿದರು. ನಾನು ತಿಂದೆ."

ಅಜ್ಜಿ ಸರಿದು ಜಗಲಿಯ ಮೇಲೆ ಜಾಗ ಮಾಡಿದರು. ಅಮ್ಮ ಅವರ ಪಕ್ಕ ಕೂತಳು. ಅವಳ ಭುಜಗಳು ಅಲುಗುತ್ತಿದ್ದವು. ಅಜ್ಜಿ ಅವಳನ್ನು ಸಮಾಧಾನ ಮಾಡಲಿಲ್ಲ. ಅವಳ ಮುಖವನ್ನೇ ನೋಡುತ್ತ, ಕತೆ ಕೇಳುವ ಮಗುವಿನ ಹಾಗೆ, "ಬೊಕ್ಕ?" ಎಂದರು. ಆಮೇಲೆ?

"ಆಮೇಲೆ ಕಂಪನಿ ಬಸ್ಸಿನವನು ಹಾರ್ನ್ ಹಾಕಿದ," ಎಂದು ಅಮ್ಮ ಅಳುತ್ತಲೇ ಶುರುಮಾಡಿದಳು. "ಇವರಿಗೆ ಒಂದು ಸಾಕ್ಸು ಸಿಕ್ಕಲಿಲ್ಲ..."

"ಬೊಕ್ಕ?" ಎಂದರು ಅಜ್ಜಿ.